ಚುಕ್ಕಿಯಿಂದ ಶುರುವಾಗುವ ಫೈಲುಗಳು

ಆಫೀಸಿನಲ್ಲಿ ಅವಳಿಗೆ ಪೊರಕೆ ಅಂತಲೇ ಹೆಸರು. ಕೂತಲ್ಲಿ ಕೂರಲಾರಳು, ಕಣ್ಣಿಗೆ ಬಿದ್ದ ಕಸವನ್ನು ಬಿಟ್ಟಿರಲಾರಳು. ಬೇರೆಯವರ ಮೇಜನ್ನೂ ಒರೆಸಿ ಬೈಸಿಕೊಂಡವಳು. ಅವಳೂ ಅವಳ ತಂಗಿಯೂ ಒಂದೇ ಕೋಣೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು, ಆಸ್ಪತ್ರೆಯ ರಕ್ತದ ಫ್ರಿಜ್ಜುಗಳು ಬಿಸಿಯಾದರೆ ಕೂಗುವ ಅಲಾರಮ್ಮಿಗೆ.

ಎಲ್ಲರ ಕೋಡ್ ಹೋಗಿ ಸೇರುವ ರೆಪೊಸಿಟರಿಯನ್ನು ಕಾಯುವುದು ಪೊರಕೆಯ ಪಾಲಿನ ಕೆಲಸ. ಕೋಡ್ ಬರೆಯುವ ಎಡಿಟರ್ ತಂತ್ರಾಂಶದಲ್ಲಿ ಏನನ್ನಾದರೂ ತೆರೆದರೆ ಸಾಕು, ಅದು ತನ್ನ ಅನುಕೂಲಕ್ಕೆ ಪಕ್ಕದಲ್ಲೊಂದು ತಾತ್ಕಾಲಿಕ ಫೈಲು ಹುಟ್ಟಿಸುತ್ತದೆ, ಹೆಸರಿನ ಮುಂದೊಂದು ಚುಕ್ಕಿ ಇಟ್ಟು. ಪುಣ್ಯಾತ್ಮರು ನೋಡದೆ ಅದನ್ನೂ ಒಳಗೆ ತಳ್ಳುತ್ತಿದ್ದರು. ಹೇಳಿ ಹೇಳಿ ಅವಳ ಬಾಯಿ ನೋಯಿತು. ಒಂದು ದಿನ ತಲೆ ಕೆಟ್ಟು, ರೆಪೊಸಿಟರಿ ಯಾವುದನ್ನೆಲ್ಲ ಕಡೆಗಣಿಸಬೇಕೆಂದು ಬರೆದಿಡುವ ಜಾಗದಲ್ಲಿ ಒಂದೇ ಸಾಲು ಗೀಚಿದಳು: ಚುಕ್ಕಿಯಿಂದ ಶುರುವಾಗುವುದು ಯಾವುದೂ ಬೇಡ. ಎಡಿಟರಿನ ಫೈಲುಗಳ ಹೆಸರಿನ ಕೊನೆಗಿರುವ ಬಾಲ ಎಂಥದ್ದೆಂದು ನೋಡಿ, ಅಷ್ಟನ್ನೇ ಬರೆಯಬೇಕಿತ್ತು. ಅಷ್ಟು ತಾಳ್ಮೆ ಎಲ್ಲಿಂದ ತರುವುದು?

ಮರುವಾರ ತಂಗಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ಅಳಿಸಲು ಕೊಡುವ ಮುಂಚೆ ಇನ್ನೊಮ್ಮೆ ನೋಡುತ್ತೇನೆ ಎಂದಳು. ಎಲ್ಲ ರೆಪೊಸಿಟರಿಯಲ್ಲಿದೆ, ಕೊಟ್ಟು ಬಾ ಎಂದು ಅಕ್ಕನೇ ಬೆನ್ನು ಹತ್ತಿದಳು.

ಊಟಕ್ಕೆ ಕೂತಾಗ ಅಕ್ಕನಿಗೆ ತಟ್ಟನೆ ನೆನಪಾಯಿತು. ಒಂದೊಂದು ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚುವಾಗ ಎಷ್ಟು ಬಿಸಿ ಏರುತ್ತದೆ, ಎಷ್ಟು ದಾಟಿದರೆ ಅಲಾರಂ ಕೂಗಬೇಕು ಎಂದು ತಂಗಿ ಕಳೆದ ವಾರವಿಡೀ ಆಸ್ಪತ್ರೆಯಲ್ಲಿ ಅಳೆದು ಹೊಸದಾಗಿ ಮಾಡಿದ ಸೆಟ್ಟಿಂಗ್ ಫೈಲು! ಅದರ ಹೆಸರೂ ಚುಕ್ಕಿಯಿಂದಲೇ ಶುರು. ರೆಪೊಸಿಟರಿಯೊಳಗೆ ಅದು ಹೋಗಿಯೇ ಇಲ್ಲ.

ಕೈ ತೊಳೆಯದೆ ಮೆಟ್ಟಿಲಿಳಿದು ಓಡಿದಳು. ಕಂಪ್ಯೂಟರ್ ರಿಪೇರಿಯವನು, ಬೇಗ ಮುಗಿಸಿ ಅಂತ ನೀವೇ ತಾನೆ ಫೋನ್ ಮಾಡಿದ್ದು, ಆಗಲೇ ಅಳಿಸಿಯಾಯಿತು ಎಂದ.

ಮೇಲೆ ಬಂದು ತಂಗಿಗೆ ಎಲ್ಲವನ್ನೂ ಹೇಳಿದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆ ಹಾಳು ಸಾಲನ್ನು ಈಗಲೇ ತಿದ್ದುತ್ತೇನೆ, ಆಸ್ಪತ್ರೆಗೆ ನಾನೇ ಹೋಗುತ್ತೇನೆ, ಎಲ್ಲ ಅಳೆದು ತರುತ್ತೇನೆ ಎಂದು ಬಡಬಡಿಸುತ್ತ ಚೀಲ ಹೆಗಲಿಗೇರಿಸಿದಳು.

ತಂಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಕ್ಕ, ಒಂದೊಂದು ಫ್ರಿಜ್ ಮುಂದೆ ಅರ್ಧ ದಿನ ಸುಮ್ನೆ ಕೂತಿರ್ಬೇಕು. ನಿನ್ ಕೈಲಿ ಆಗಲ್ಲ," ಎಂದಳು. ಮೇಜಿನ ಖಾನೆಯಿಂದ ಥರ್ಮಾಮೀಟರ್ ತೆಗೆದುಕೊಂಡು ಒಬ್ಬಳೇ ಹೊರಟಳು.