ಸಗೀರಾಬಾಯಿ ಓದಲು ಕೂತರೆ

ಸಗೀರಾಬಾಯಿ ಪೇಪರ್ ಓದಿದರೆ ಚಡಚಣದ ತೋಟಗಳಲ್ಲಿ ದ್ರಾಕ್ಷಿ ತಟ್ಟನೆ ಹಣ್ಣಾಗುತ್ತಿತ್ತು. ಗಂಡ ತೀರಿದ ಮೇಲೆ ಹೊಲಿಗೆ ಯಂತ್ರ ತುಳಿದು ಬದುಕುತ್ತಿದ್ದ ಆಕೆ, ಓದು ಬಾರದವರಿಗೆ ದಿನಾ ಊರ ಕಟ್ಟೆಯ ಮೇಲೆ ಪೇಪರ್ ಓದಿ ಹೇಳುತ್ತಿದ್ದಳು.

ತೊಂಬತ್ತೆಂಟರಲ್ಲಿ ನಮ್ಮೂರಿಗೆ ಲೈಬ್ರರಿ ಬಂತು. ಅದನ್ನು ನೋಡಿಕೊಳ್ಳುವವರಿಗೆ ಸರ್ಕಾರಿ ನೇಮಕಾತಿಯ ನಿಯಮ ಅನ್ವಯಿಸದು, ಊರವರೇ ಆರಿಸಬಹುದು ಎಂದರು ಅಧಿಕಾರಿಗಳು. ಆ ಕೆಲಸ ಸಿಕ್ಕರೆ ಮಗಳ ಶಾಲೆ ಬಿಡಿಸಬೇಕಿಲ್ಲ, ತನಗೇ ಕೊಡಿ ಎಂದು ಸಗೀರಾ ಕೇಳಿದಳು. ಪಂಚಾಯಿತಿ ಅಧ್ಯಕ್ಷ ಬಸಂತರಾಯರು ನಕ್ಕರು.

"ನಿಯಮಾನ ಇಲ್ಲಂದ್ರ ನಮ್ಮ ಅಳಿಯಾ ಗುರುಪಾದ ಅದಾನಲ್ಲ! ಬಿ.ಎ. ಆಗ್ಯಾನ."

"ಇಬ್ರೂ ಓದ್ಲಿ, ನಾವು ಕೇಳ್ತೇವ್ರಿ," ಎಂದರು ಕಟ್ಟೆಯವರು.

ಗುರುಪಾದ ಓದಿದ. ಜನ ಆಕಳಿಸಿದ ರಭಸಕ್ಕೆ ಊರಿನ ಗಾಳಿಯೇ ಖಾಲಿಯಾಯಿತು. ಆಮೇಲೆ ಸಗೀರಾ ಒಂದು ಕತೆಪುಸ್ತಕ ತೆರೆದಳು. ಇಂಡಿಗೆ ಹೋಗುವ ಬಸ್ಸಿನ ಡ್ರೈವರ್ ಕೇಳಲು ಇಳಿದವನು ಮತ್ತೆ ಹತ್ತಲಿಲ್ಲ. ಹಾರುತ್ತಿದ್ದ ಗಿಳಿಗಳು ಆಕಾಶದಲ್ಲೇ ಕೂತವು, ನಾನೇ ಕಣ್ಣಾರೆ ಕಂಡೆ. ಕತೆಯ ಹುಡುಗಿ ಬಾವಿಯ ಅಂಚಿನಲ್ಲಿ ಕಾಲು ಜಾರುತ್ತಿದ್ದಂತೆ ಸಗೀರಾ ಪುಸ್ತಕ ಮುಚ್ಚಿದಳು.



"ಆಮ್ಯಾಲ ಏನಾತ್ರಿ, ಅಕ್ಕಾರ?" ಎಂದವನು ಗುರುಪಾದನೇ.

"ಅದು ಲೈಬ್ರರಿ ಬಾಗಿಲಾ ತೆಗೆದ ಮ್ಯಾಲ."

ಗುರುಪಾದ ಬಸಂತರಾಯರತ್ತ ತಿರುಗಿದ. "ಮಾವಾರ, ಅಕ್ಕಾರ ಕೈಯಾಗ ಚಾವಿ ಕೊಡ್ರಿ. ಲಗೂ ಕೊಡ್ರಿ!"