ಪರೀಕ್ಷೆಗೆ ಕೊಟ್ಟ ಒಳ್ಳೆಯ ನೀರು

ನಮ್ಮ ಸರೋಜಕ್ಕ ಒಂದು ವಿಶ್ವವಿದ್ಯಾಲಯಕ್ಕೇ ಮೋಸ ಮಾಡಿದಳು. ಅದೂ ಒಂದು ಬಾಟಲಿ ನೀರಿನಲ್ಲಿ.

ಗಾಬರಿಯಾಗಬೇಡಿ. ಯಾರ ಮೇಲೂ ಕೇಸಾಗಿಲ್ಲ. ಅಕ್ಕ ಎಂದಿನಂತೆ ಸಮೇತನಹಳ್ಳಿಯಲ್ಲಿ ಹಸುಗಳ ಹಾಲು ಕರೆದು ಡೇರಿಗೆ ಹಾಕಿಕೊಂಡು, ಮಗಳ ಬಾಣಂತನ ಮಾಡಿಕೊಂಡು ಆರಾಮಾಗಿದ್ದಾಳೆ. ಆದರೂ ಆ ಬಾಟಲಿಯ ಕಥೆಯನ್ನು ನಿಮಗೆ ಹೇಳಲೇಬೇಕು. ಯಾಕೆಂದರೆ ಹೊಸಕೋಟೆಯಲ್ಲಿ ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುವ ಗೆಳೆಯರೊಬ್ಬರು ಮೊನ್ನೆ ಮತ್ತೆ ಅದೇ ಪ್ರಶ್ನೆ ಎತ್ತಿದರು. ಈ ಯೂನಿವರ್ಸಿಟಿಯವರು ವರ್ಷಗಟ್ಟಲೆ ಅದೇನೋ ರಿಸರ್ಚ್ ಮಾಡುತ್ತಾರಲ್ಲ, ಅದರಿಂದ ಯಾರ ಮನೆಗೆ ಏನು ಬಂತು?

ನಮ್ಮಕ್ಕನ ಮನೆಗೆ ಏನು ಬಂತು ಅಂತ ಹೇಳುತ್ತೇನೆ, ಕೇಳಿ.

ಮೊದಲು ಬಂದದ್ದು ಶ್ರುತಿ ಎಂಬ ಹುಡುಗಿ. ಪಿಎಚ್‌ಡಿ ಮಾಡುತ್ತಿರುವವಳು. ತಿಪ್ಪೆ, ಕೊಟ್ಟಿಗೆಗಳ ಪಕ್ಕದಲ್ಲಿರುವ ಬೋರ್‌ವೆಲ್ ನೀರಿನಲ್ಲಿ ಏನೇನು ಸೇರಿಕೊಂಡಿದೆ ಎನ್ನುವುದು ಅವಳ ಸಂಶೋಧನೆಯ ವಿಷಯ. ಅಕ್ಕನ ಮನೆಯ ಹಿತ್ತಿಲಿಗಿಂತ ಪ್ರಶಸ್ತವಾದ ಜಾಗ ಅವಳಿಗೆ ಇನ್ನೆಲ್ಲಿ ಸಿಗಬೇಕು? ಅಲ್ಲಿ ತಿಪ್ಪೆಗೂ ಬೋರ್‌ವೆಲ್‌ಗೂ ನಡುವೆ ಇರುವುದು ಒಂದು ನುಗ್ಗೆಮರ ಮಾತ್ರ.

ಅವಳು ಬಂದ ಹೊತ್ತಿಗೆ ಕರೆಂಟ್ ಇರಲಿಲ್ಲ. (ಇದ್ದಿದ್ದರೆ ನಾನು ಈ ವಾರ ಬೇರೆ ಏನಾದರೂ ಬರೆಯಬೇಕಾಗಿತ್ತು.) ಮೋಟಾರು ಓಡದೆ ನೀರೆಲ್ಲಿಂದ ಬರಬೇಕು? ಪಾಪ, ಅವಳು ಒಂದಷ್ಟು ಹೊತ್ತು ಕಾದಳು. ಕೊನೆಗೆ ಅಕ್ಕನಿಗೂ ಪಕ್ಕದ ಮನೆಯವರಿಗೂ ಒಂದೊಂದು ಖಾಲಿ ಬಾಟಲಿ ಕೊಟ್ಟು, ಕರೆಂಟ್ ಬಂದಾಗ ಮೋಟಾರು ಹಾಕಿ, ಸ್ವಲ್ಪ ನೀರು ಹರಿಯಲು ಬಿಟ್ಟು, ಆಮೇಲೆ ತುಂಬಿಸಿಡಿ, ನಾಳೆ ಬೆಳಿಗ್ಗೆ ತೆಗೆದುಕೊಂಡು ಹೋಗುತ್ತೇನೆ ಅಂದಳು. ಬಾಟಲಿಗಳು ಅದಲುಬದಲಾಗಬಾರದು ಅಂತ ಒಂದೊಂದರ ಮೇಲೂ ಮನೆ ಯಜಮಾನರ ಹೆಸರು ಬರೆದಳು.

ಎಡವಟ್ಟಾಗಿದ್ದು ಅಲ್ಲೇ.

ಭಾವನ ಹೆಸರು ಹೊತ್ತ ಬಾಟಲಿಯೊಂದು ಯೂನಿವರ್ಸಿಟಿಗೆ ಹೋಗುತ್ತದೆ. ಅಲ್ಲಿ ದೊಡ್ಡ ದೊಡ್ಡವರು ಅದನ್ನು ಮೇಲೆತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಅಂಥದ್ದಕ್ಕೆ ತಿಪ್ಪೆ ಪಕ್ಕದ ನೀರು ತುಂಬಿಸಿ ಕಳಿಸುವುದೇ? ಅಕ್ಕ ಬಾಟಲಿಯನ್ನು ಸೋಪು ಹಾಕಿ ತೊಳೆದಳು. ನಡುಮನೆಯಲ್ಲಿ ಸ್ಟೂಲಿನ ಮೇಲೆ ಕೂತಿರುವ ಕ್ಯಾನಿನಿಂದ ಫಿಲ್ಟರ್ ನೀರು ತುಂಬಿಸಿದಳು. ಪಕ್ಕದ ಮನೆಯವರಿಗೂ ಹಾಗೇ ಮಾಡಲು ಹೇಳಿಕೊಟ್ಟಳು.

ಫಿಲ್ಟರ್ ನೀರೆಂದರೆ ಊರಿನ ಶುದ್ಧ ನೀರಿನ ಘಟಕದಲ್ಲಿ ಹಿಡಿದು ತರುವ ನೀರು. ಅಕ್ಕನ ಮನೆಯಲ್ಲಿ ಅದು ನೆಂಟರಿಗೆ ಮೀಸಲು. ಮನೆಯವರು ಕುಡಿಯುವುದು, ಅಡುಗೆಗೆ ಬಳಸುವುದು ಎಲ್ಲಾ ಬೋರ್ ನೀರೇ. ಹೊಸ ಬೆಡ್‌ಶೀಟನ್ನು ಬೀರುವಿನಲ್ಲಿಟ್ಟು, ಯಾರಾದರೂ ಬಂದಾಗ ಮಾತ್ರ ಹಾಸುತ್ತೇವಲ್ಲ, ಆ ಲೆಕ್ಕ. ಅಕ್ಕನನ್ನು ನೋಡಿ ನಗಬೇಡಿ. ಕಸ ವಿಂಗಡಣೆಯ ಬಗ್ಗೆ ಸರ್ವೆ ಮಾಡಲು ಕಾಲೇಜು ಹುಡುಗರು ಬಂದಾಗ ನೀವೂ ನಾನೂ ಏನು ಹೇಳುತ್ತೇವೆ? ಹಸಿ ಕಸ ಬೇರೆ, ಒಣ ಕಸ ಬೇರೆ, ದಿನಾ ತಪ್ಪದೆ! ಎಲ್ಲವನ್ನೂ ತುಂಬಿಕೊಂಡ ಕಪ್ಪು ಕವರ್ ಆಗ ಗೇಟಿನ ಹಿಂದೆಯೇ ಇರುತ್ತದೆ.

ಸರಿ, ಬಾಟಲಿಗಳು ಹೋದವು. ಒಂದಷ್ಟು ದಿನ ಕಳೆಯಿತು. ಹೋದ ಭಾನುವಾರ ಮಗುವನ್ನು ನೋಡಿಕೊಂಡು ಬರೋಣ ಅಂತ ನಾನು ಸಮೇತನಹಳ್ಳಿಗೆ ಹೋಗಿದ್ದೆ. ಅಕ್ಕನ ಮಗಳು ಪವಿತ್ರಳಿಗೆ ಇದು ಚೊಚ್ಚಲ. ಹೆಣ್ಣುಮಗು. ಇನ್ನೂ ಕತ್ತು ನಿಂತಿಲ್ಲ. ತಾಯಿಹಾಲು ಸಾಲದೆ ಡಾಕ್ಟರ ಸಲಹೆಯಂತೆ ಪುಡಿ ಹಾಲನ್ನೂ ಕಲಸಿ ಕೊಡುತ್ತಿದ್ದರು. ನಾನು ಕಾಫಿ ಕುಡಿಯುತ್ತಿರುವಾಗ ಬಾಗಿಲಲ್ಲಿ ಶ್ರುತಿ ಕಾಣಿಸಿಕೊಂಡಳು. ಮುಖ ಸ್ವಲ್ಪ ಬಾಡಿತ್ತು.

ಈ ಎರಡು ಮನೆಗಳ ನೀರು ತೀರಾ ಶುದ್ಧವಾಗಿದೆಯಂತೆ. ಬೋರ್‌ವೆಲ್ ನೀರು ಹಾಗಿರುವುದು ಸಾಧ್ಯವೇ ಇಲ್ಲವಂತೆ. ತನ್ನ ಮಶೀನೇ ಕೆಟ್ಟಿದೆಯೆಂದುಕೊಂಡು ಮತ್ತೆ ಪರೀಕ್ಷೆ ಮಾಡಿದಳಂತೆ. ಆಗಲೂ ಅದೇ ಫಲಿತಾಂಶ. ಇವಳ ಗೈಡು, ಮೊದಲು ಹೋಗಿ ಸರಿಯಾಗಿ ಸ್ಯಾಂಪಲ್ ತಾರಮ್ಮ ಅಂತ ಗದರಿದರಂತೆ. ಅವಳು ಇದನ್ನೆಲ್ಲ ನನಗೆ ಹೇಳುತ್ತಿದ್ದಳು. ಅಕ್ಕ ತದೇಕಚಿತ್ತದಿಂದ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಅಷ್ಟರಲ್ಲಿ ಮಗು ಅತ್ತಿತು. ಪವಿತ್ರ ಒಲೆಯ ಮೇಲಿದ್ದ ಪಾತ್ರೆಯಿಂದ ಬಿಸಿನೀರು ಬಗ್ಗಿಸಿಕೊಂಡು ಹಾಲಿನ ಪುಡಿ ಕಲಸತೊಡಗಿದಳು. ಶ್ರುತಿ ಸುಮ್ಮನೆ ಕೇಳುವಂತೆ, ಅದು ಯಾವ ನೀರು ಅಂತ ಕೇಳಿದಳು.

ಈಗ ಅಕ್ಕನಿಗೆ ಮಾತು ಬಂತು. ಬೋರ್ ನೀರೇ, ಆದರೆ ಹಾಗೆ ಹಸಿ ನೀರಲ್ಲ, ಚೆನ್ನಾಗಿ ಕುದಿಸಿ ಅರ್ಧಕ್ಕೆ ಇಳಿಸಿದ್ದು. ಫಿಲ್ಟರ್ ನೀರಿನಲ್ಲಿ ಸತ್ವ ಇರುವುದಿಲ್ಲ, ಎಳೆಕೂಸಿಗೆ ಥಂಡಿಯಾಗುತ್ತದೆ. ಬಾಣಂತನ ಮಾಡುವುದನ್ನು ತನ್ನಿಂದ ಕಲಿಯಬೇಕು ಎನ್ನುವ ಹೆಮ್ಮೆ ಅವಳ ದನಿಯಲ್ಲಿತ್ತು.

ಶ್ರುತಿ ಎದ್ದು ನಿಂತಳು. ದನಿ ಏರಿಸಲಿಲ್ಲ.

"ಆಂಟಿ, ದಯವಿಟ್ಟು ಆ ಹಾಲು ಕೊಡ್ಬೇಡಿ."

ತಿಪ್ಪೆಯಿಂದ, ಹೊಲಕ್ಕೆ ಹಾಕುವ ಯೂರಿಯಾದಿಂದ ನೈಟ್ರೇಟ್ ಎನ್ನುವುದು ನೆಲಕ್ಕಿಳಿದು ನೀರಿಗೆ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಗೊತ್ತಾಗುವುದಿಲ್ಲ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಎಳೆಕೂಸಿನ ರಕ್ತಕ್ಕೆ ಅದು ಹೆಚ್ಚಾಗಿ ಸೇರಿದರೆ ಆಕ್ಸಿಜನ್ ಸಾಲದೆ ಮೈ ನೀಲಿಗಟ್ಟಬಹುದು. ಮತ್ತೆ ಕುದಿಸುವುದು? ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರ. ಅರ್ಧಕ್ಕಿಳಿಸಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ನಿಮ್ಮ ಸ್ಯಾಂಪಲ್ಲಿನಲ್ಲಿ ನೈಟ್ರೇಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಬಂದಿದೆ, ಆದರೆ ನನಗೆ ಅದರ ಮೇಲೆ ನಂಬಿಕೆ ಇಲ್ಲ ಅಂದಳು.

ಪವಿತ್ರಳ ಕೈ ಹಾಲಿನ ಬಾಟಲಿಯ ಮೇಲೆ ಹಾಗೇ ನಿಂತಿತ್ತು. ಮಗು ಜೋರಾಗಿ ಅಳುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಭಯವಾಯಿತು.

"ಅದು ಬೋರ್ ನೀರಲ್ಲ ಕಣವ್ವ," ಅಂದಳು ಅಕ್ಕ ಕೊನೆಗೆ. "ಕ್ಯಾನಿಂದು. ಮನೆಯೋರ ಹೆಸ್ರು ಬರ್ದಿದ್ಯಲ್ಲ, ಅದಕ್ಕೇ ಒಳ್ಳೇದು ತುಂಬ್ಸಿಟ್ಟೆ."

ಶ್ರುತಿಗೆ ಸಿಟ್ಟು ಬರಬೇಕಿತ್ತು. ತಿರುಗಾಟ, ಗೈಡಿನ ಬೈಗುಳ, ಸುಮ್ಮನೆ ಹಾಳಾದ ಕೆಲಸ. ಅವಳು ಮಾತ್ರ ಹಣೆ ಒತ್ತಿಕೊಂಡು ನಕ್ಕಳು. ಹಾಗಿದ್ದರೆ ಫಿಲ್ಟರ್ ನೀರು ಚೆನ್ನಾಗಿದೆಯೆಂದು ಪರೀಕ್ಷೆ ಮಾಡಿದಂತಾಯಿತು, ಇನ್ನು ಮೇಲೆ ಅದನ್ನೇ ಕುದಿಸಿ, ಆರಿಸಿ ಹಾಲು ಕಲಸಿ, ಬತ್ತಿಸಬೇಡಿ ಅಂದಳು. ನಮ್ಮಕ್ಕನ ಸುಳ್ಳು ಬಾಟಲಿಯೂ ಒಂದು ಉಪಯೋಗಕ್ಕೆ ಬಂತು ನೋಡಿ. ಆಮೇಲೆ ಕರೆಂಟ್ ಬರುವವರೆಗೆ ಕೂತಿದ್ದು, ತಾನೇ ಮೋಟಾರು ಹಾಕಿ, ಎರಡೂ ಮನೆಗಳ ನೀರು ಹಿಡಿದುಕೊಂಡು ಹೋದಳು.

ಅಂದೇ ಮಗುವನ್ನು ಹೊಸಕೋಟೆಗೆ ಕರೆತಂದು ಡಾಕ್ಟರಿಗೆ ತೋರಿಸಿದೆವು. ಮಗು ಚೆನ್ನಾಗಿದೆ ಅಂದರು. ದಾರಿಯುದ್ದಕ್ಕೂ ಅಕ್ಕ ಅದರ ಉಗುರು, ತುಟಿಗಳನ್ನೇ ನೋಡುತ್ತಿದ್ದಳು.

ದಾರಿಯಲ್ಲಿ ಅವಳನ್ನು ಕೇಳಿದೆ, ಆ ಹುಡುಗಿಗೆ ಮೊದಲೇ ನಿಜ ಹೇಳಬಾರದಿತ್ತೇ? ಅವಳ ಉತ್ತರದಲ್ಲಿ ನ್ಯಾಯವೂ ಇತ್ತು. ಹಿಂದೆ ಯಾರ್ಯಾರೋ ಬಂದು ಏನೇನೋ ಕೇಳಿ ಬರೆದುಕೊಂಡು ಹೋಗಿದ್ದಾರೆ. ಒಬ್ಬರೂ ತಿರುಗಿ ಬಂದು ನಿಮ್ಮ ಮನೆಯಲ್ಲಿ ಹೀಗಿದೆ ಅಂತ ಹೇಳಿದವರಿಲ್ಲ. ಬರದೇ ಇರುವವರಿಗೆ ಯಾವ ನೀರು ಕೊಟ್ಟರೆ ಏನಾಯಿತು ಅಂದುಕೊಂಡಿದ್ದಳಂತೆ. ವಿಶ್ವವಿದ್ಯಾಲಯದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ. ನಿಮ್ಮ ಥೀಸಿಸ್ಸು ಲೈಬ್ರರಿಗೆ ತಲುಪಿದರೆ ಸಾಲದು, ನುಗ್ಗೆಮರದವರೆಗೂ ಬರಬೇಕು.

ಈ ಹುಡುಗಿ ತಿರುಗಿ ಬಂದಳು. ಈ ವಾರವೂ ಬಂದು ಫಲಿತಾಂಶ ಹೇಳಿದಳು. ಬೋರ್ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆ, ಕೂಸಿಗೆ ಬೇಡವೇ ಬೇಡ, ಬಸುರಿಯರೂ ಬಾಣಂತಿಯರೂ ಕುಡಿಯದಿರುವುದು ಒಳ್ಳೆಯದು. ತಿಪ್ಪೆಯನ್ನು ಹಿತ್ತಿಲಿನಿಂದ ದೂರ ಹಾಕಿ. ಭಾವ ಗೊಣಗಿಕೊಂಡೇ ತಿಪ್ಪೆಗೆ ಹೊಲದ ಅಂಚಿನಲ್ಲಿ ಜಾಗ ಮಾಡುತ್ತಿದ್ದಾರೆ. ಪಕ್ಕದ ಮನೆಯವರು ಇನ್ನೂ ಯೋಚಿಸುತ್ತಿದ್ದಾರೆ.

ನಿನ್ನೆ ಮತ್ತೆ ಹೋಗಿದ್ದೆ. ಬಿಸಿಲಿಗೆ ಬಾಯಾರಿ ನೀರು ಕೇಳಿದೆ. ಅಕ್ಕ ಹಿತ್ತಿಲಿಗೆ ಹೋಗಿ ಚೊಂಬಿನಲ್ಲಿ ಬೋರ್ ನೀರು ತಂದುಕೊಟ್ಟಳು. ನಾನು ಸ್ಟೂಲಿನ ಮೇಲಿದ್ದ ಕ್ಯಾನಿನ ಕಡೆ ನೋಡಿದೆ.

"ಅದು ಮಗೀಗೂ ಪವಿತ್ರಂಗೂ," ಅಂದಳು. "ಗಟ್ಟಿಮುಟ್ಟಾಗಿದ್ದೀಯ, ನೀನು ಇದನ್ನೇ ಕುಡಿ."

ಕುಡಿದೆ. ಆ ಮನೆಯಲ್ಲಿ ಒಳ್ಳೆಯ ನೀರು ಮೊದಲ ಸಲ ನೆಂಟನಿಗೆ ತಪ್ಪಿ ಕೂಸಿಗೆ ಸಿಕ್ಕಿತ್ತು. ರಿಸರ್ಚಿನಿಂದ ಯಾರ ಮನೆಗೆ ಏನು ಬಂತು ಅಂತ ಕೇಳಿದಿರಲ್ಲ ಸ್ವಾಮಿ, ಇಷ್ಟು ಸಾಕೋ, ಇನ್ನೂ ಬೇಕೋ?