ಸಿಸ್ಟರ್ ಸರೋಜಮ್ಮನ ಹಣೆಯ ಕೆಮ್ಮಣ್ಣು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಹೊಸನಗರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸರ್ಪಸುತ್ತಿನ ವಿಷಯದಲ್ಲಿ ನನ್ನ ತಾಳ್ಮೆ ಮಾತ್ರ ಅಷ್ಟರಲ್ಲೇ ಪೂರ್ತಿ ಮುಗಿದಿತ್ತು. ಸೊಂಟದ ಮೇಲೋ ಎದೆಯ ಮೇಲೋ ಗುಳ್ಳೆ ಎದ್ದವರು ಮೊದಲು ಹೋಗುತ್ತಿದ್ದುದು ಕೆಮ್ಮಣ್ಣು ಹಚ್ಚುವವರ ಹತ್ತಿರ. ನಾಲ್ಕೈದು ದಿನ ಕಳೆದು, ಉರಿ ತಡೆಯಲಾಗದೆ ನಮ್ಮಲ್ಲಿಗೆ ಬರುವ ಹೊತ್ತಿಗೆ ಮಣ್ಣು ಒಣಗಿ ಗುಳ್ಳೆಗೆ ಅಂಟಿಕೊಂಡಿರುತ್ತಿತ್ತು. ಅದನ್ನು ತೊಳೆಯುವ ಕೆಲಸ ಸಿಸ್ಟರ್ ಸರೋಜಮ್ಮನದು, ಬೈಯುವ ಕೆಲಸ ನನ್ನದು.

ಸರೋಜಮ್ಮನಿಗೆ ಐವತ್ತೇಳು ವರ್ಷ. ಮೂವತ್ತು ವರ್ಷ ನರ್ಸ್ ಆಗಿ ದುಡಿದಿದ್ದ ಆಕೆ ನನಗಿಂತ ಚೆನ್ನಾಗಿ ರೋಗಿಗಳಿಗೆ ತಿಳಿಸಿ ಹೇಳುತ್ತಿದ್ದರು. "ಹಾವೂ ಇಲ್ಲ ಎಂತದೂ ಇಲ್ಲ ಮಾರಾಯ್ತಿ. ಸಣ್ಣೋಳಿದ್ದಾಗ ಚಿಕನ್‌ಪಾಕ್ಸ್ ಆಗಿತ್ತಲ, ಅದೇ ವೈರಸ್ಸು ನರದ ಬುಡದಲ್ಲಿ ಮಲಗಿರ್ತದೆ. ವಯಸ್ಸಾಗಿ ಮೈಯಲ್ಲಿ ಶಕ್ತಿ ಕಮ್ಮಿ ಆದಾಗ ಏಳ್ತದೆ. ಆ ನರ ಎಲ್ಲಿ ಹರಿತದೋ ಅಲ್ಲಿ ಮಾತ್ರ ಗುಳ್ಳೆ." ಹಾವಿನ ತಲೆ, ಬಾಲ ಕೂಡಿದರೆ ಜೀವ ಹೋಗುತ್ತದೆ ಎಂಬ ಭಯಕ್ಕೂ ಆಕೆಯಲ್ಲಿ ಉತ್ತರವಿತ್ತು. ನರಗಳು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ. ಹಾಗಾಗಿ ಗುಳ್ಳೆ ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದಿಲ್ಲ. ಅಪರೂಪಕ್ಕೆ ದಾಟಿದರೂ ಸಾವಿಗೂ ಸುತ್ತು ಪೂರ್ತಿಯಾಗುವುದಕ್ಕೂ ಸಂಬಂಧವಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ನಾನು ತಿಂಗಳ ವರದಿ ಬರೆಯುತ್ತಿದ್ದಾಗ ಅವರು ಬಂದು ನಿಂತರು.

"ಸರ್, ಎಡಗಡೆ ಹಣೆ ಉರೀತದೆ. ಬಾಚಣಿಗೆ ತಾಗ್ಸೋಕೂ ಆಗಲ್ಲ."

"ಕನ್ನಡಕದ ನಂಬರ್ ಬದಲಾಗಿರಬೇಕು. ಪ್ಯಾರಾಸಿಟಮಾಲ್ ತಗೊಳ್ಳಿ," ಎಂದೆ. ತಲೆ ಎತ್ತಿ ನೋಡಲಿಲ್ಲ.

ಸೋಮವಾರ ಫೋನ್ ಮಾಡಿ ಮೂರು ದಿನ ರಜೆ ಕೇಳಿದರು. ಜ್ವರ ಎಂದರು, ಕೊಟ್ಟೆ. ಗುರುವಾರ ನಮ್ಮಲ್ಲಿ ಮಕ್ಕಳ ಲಸಿಕೆಯ ದಿನ. ಕೂಸುಗಳೂ ಗರ್ಭಿಣಿಯರೂ ಜಗಲಿ ತುಂಬ ಕೂತಿದ್ದರು. ಸರೋಜಮ್ಮ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಒಳಗೆ ಬಂದರು. ಅವರು ಎಂದೂ ಹಾಗೆ ಸೆರಗು ಹೊದ್ದವರಲ್ಲ. "ಏನದು, ತೆಗೀರಿ," ಎಂದೆ. ತೆಗೆದರು. ಹಣೆಯ ಎಡಭಾಗ ಪೂರ್ತಿ ಕೆಮ್ಮಣ್ಣು. ಅದರಡಿ ಗುಳ್ಳೆಗಳ ಗೊಂಚಲು. ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ಮೂಗಿನ ತುದಿಯಲ್ಲೂ ಎರಡು ಗುಳ್ಳೆ.

ಆ ಎರಡು ಗುಳ್ಳೆ ನೋಡಿ ನಾನು ಟಾರ್ಚ್ ಹಿಡಿದು ಹತ್ತಿರ ಹೋದೆ. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿನೊಳಕ್ಕೂ ಹೋಗುತ್ತದೆ. ಅಲ್ಲಿ ಗುಳ್ಳೆ ಬಂತೆಂದರೆ ಕಣ್ಣಿಗೆ ಅಪಾಯವಿದೆ ಎಂದು ಅರ್ಥ.

"ನಿಮಗೆ ತಲೆ ಕೆಟ್ಟಿದೆಯಾ ಸಿಸ್ಟರ್? ದಿನಾ ಬೇರೆಯವರ ಮಣ್ಣು ತೊಳೆಯೋರು ನೀವು!"

"ಸ್ಟೆರೈಲ್ ಕಾಟನ್‌ನಲ್ಲೇ ಹಚ್ಕೊಂಡಿದ್ದು ಸರ್," ಎಂದರು ಸಣ್ಣ ದನಿಯಲ್ಲಿ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಳ್ಳೆಯ ನೀರು ತಾಗಿದರೆ ಚಿಕನ್‌ಪಾಕ್ಸ್ ಬಾರದವರಿಗೆ ಅದು ಹತ್ತಬಹುದು. ಗರ್ಭಿಣಿಯರಿಗೂ ಎಳೆಕೂಸುಗಳಿಗೂ ಅದು ಒಳ್ಳೆಯದಲ್ಲ. ಇದನ್ನು ಊರಿಗೆಲ್ಲ ಹೇಳಿದವರೇ ಲಸಿಕೆಯ ದಿನ ಬಂದು ನಿಂತಿದ್ದರು. ತಕ್ಷಣ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ನಾನೇ ಮಣ್ಣು ತೊಳೆದು, ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆಯ ಮೊದಲ ಡೋಸ್ ನುಂಗಿಸಿದೆ. ಎಂಟುನೂರು ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಗುಳ್ಳೆ ಕಾಣಿಸಿದ ಎಪ್ಪತ್ತೆರಡು ಗಂಟೆಯೊಳಗೆ ಶುರುಮಾಡಿದರೆ ಅದರ ಗುಣ ಹೆಚ್ಚು. ಅವರಿಗೆ ಗುಳ್ಳೆ ಎದ್ದದ್ದು ಭಾನುವಾರ ಬೆಳಿಗ್ಗೆ. ಲೆಕ್ಕಕ್ಕೆ ಒಂದು ದಿನ ಮೀರಿತ್ತು. ಆದರೆ ಕಣ್ಣಿನ ಹತ್ತಿರ ಬಂದಾಗ ತಡವಾಯಿತೆಂದು ಬಿಡುವಂತಿಲ್ಲ. ಅವರ ಯಜಮಾನರನ್ನು ಕರೆಸಿ, ಕಾರಿನಲ್ಲಿ ಸಾಗರದ ಕಣ್ಣಿನ ಡಾಕ್ಟರ ಬಳಿ ಕಳಿಸಿದೆ.

ಸಂಜೆ ಆ ಡಾಕ್ಟರ್ ಫೋನ್ ಮಾಡಿದರು. "ಕಾರ್ನಿಯಾಕ್ಕೆ ಆಗಲೇ ತಾಗಿದೆ. ಉಳಿಸಬಹುದು ಅನ್ಸುತ್ತೆ. ನಾಲ್ಕು ದಿನ ಏನು ಮಾಡ್ತಿದ್ರು ಇವರು?"

ಆ ಪ್ರಶ್ನೆಯೇ ನನ್ನನ್ನು ಮುಂದಿನ ಭಾನುವಾರ ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಕಡೆಗೆ ಹೊರಡಿಸಿತು. ಸರೋಜಮ್ಮನಿಗೆ ಮಣ್ಣು ಕೊಟ್ಟ ಮಂಜಪ್ಪನವರ ಮನೆ ಅಲ್ಲಿದೆ ಎಂದು ಆಕೆಯ ಯಜಮಾನರು ಹೇಳಿದ್ದರು. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎಪ್ಪತ್ತರ ಆಸುಪಾಸಿನ ಮಂಜಪ್ಪ ಅಂಗಳದಲ್ಲಿ ಮೊಪೆಡ್ ತೊಳೆಯುತ್ತಿದ್ದರು. ನನ್ನ ಕೂಗಾಟ ಮುಗಿಯುವವರೆಗೆ ಕೈಯಲ್ಲಿ ಬಟ್ಟೆ ಹಿಡಿದು ನಿಂತು ಕೇಳಿದರು.

"ನಾನು ಕಣ್ಣಿನ ಹತ್ರ ಬಂದಿದ್ದಕ್ಕೆ ಹಚ್ಚೋದೇ ಇಲ್ಲ ಡಾಕ್ಟ್ರೆ. ನಮ್ಮಪ್ಪನ ಕಾಲದಲ್ಲೇ ಒಬ್ರದ್ದು ಕಣ್ಣು ಹೋಗಿತ್ತು. ಆಸ್ಪತ್ರೆಗೆ ಹೋಗಿ ಮಾರಾಯ್ರೆ ಅಂದೆ."

"ಮತ್ತೆ?"

"ಎಂತ ಮಾಡದು. ನಾನು ಆಸ್ಪತ್ರೆಯವಳೇ, ಮಣ್ಣು ಕೊಡಿ ಸಾಕು, ನಾನೇ ಹಚ್ಕತೀನಿ ಅಂದ್ರು."

ನಾನು ಕೂಗಿದ್ದೆಲ್ಲ ತಪ್ಪು ಮನುಷ್ಯನ ಮೇಲೆ. ಆ ಮನುಷ್ಯ ಸರಿಯಾದ ಸಲಹೆ ಕೊಟ್ಟಿದ್ದರು. ಬಾಚಣಿಗೆ ತಾಗಿದರೂ ಉರಿಯುತ್ತದೆ ಎಂದು ರೋಗಿಯೇ ಹೇಳಿದಾಗ ತಲೆ ಎತ್ತದೆ ಕೂತಿದ್ದವನು ನಾನು. ಗುಳ್ಳೆ ಏಳುವ ಎರಡು ಮೂರು ದಿನ ಮೊದಲೇ ಒಂದೇ ಮಗ್ಗುಲಲ್ಲಿ ಹೀಗೆ ಉರಿ ಶುರುವಾಗುತ್ತದೆ ಎಂಬುದನ್ನು ನಾನು ಕಿರಿಯ ವೈದ್ಯರಿಗೆ ಪಾಠ ಹೇಳಿದ್ದುಂಟು.

ವಾಪಸಾಗುವಾಗ ಸರೋಜಮ್ಮನ ಮನೆಗೆ ಹೋದೆ. ಎಡಗಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತಿದ್ದರು.

"ನಿಮಗೆ ಎಲ್ಲಾ ಗೊತ್ತಿತ್ತಲ್ಲ ಸಿಸ್ಟರ್?"

"ಬೇರೆಯವರಿಗೆ ಬಂದಾಗ ಗೊತ್ತಿತ್ತು ಸರ್. ಕನ್ನಡೀಲಿ ನನ್ನ ಹಣೆ ನೋಡಿದಾಗ, ಸಣ್ಣೋಳಿದ್ದಾಗ ಅಮ್ಮ ಹೇಳಿದ್ದೇ ನೆನಪಾತು. ಹೆದರ್ಕೆ ಆತು." ಕಣ್ಣಿನ ಪಟ್ಟಿ ಸರಿಮಾಡಿಕೊಂಡು ಹೇಳಿದರು: "ಒಂದ್ಸಲ ಮಣ್ಣು ಹಚ್ಕಂಡ ಮೇಲೆ ನಿಮ್ಮ ಹತ್ರ ಬರೋಕೆ ಇನ್ನೂ ಹೆದರ್ಕೆ ಆತು. ಮಣ್ಣು ಹಚ್ಕಂಡು ಬಂದೋರಿಗೆ ನೀವು ಎಂತ ಹೇಳ್ತೀರಿ ಅಂತ ಪಕ್ಕದಲ್ಲೇ ನಿಂತು ಕೇಳಿದ್ದೀನಲ."

ಕಣ್ಣು ಉಳಿಯಿತು. ಸ್ವಲ್ಪ ಮಸುಕು ಮಾತ್ರ ಹೋಗಲಿಲ್ಲ. ಸಿರಿಂಜಿನ ಗೆರೆ ನೋಡಲು ಅವರು ಬಲಗಣ್ಣನ್ನೇ ನೆಚ್ಚಬೇಕಾಯಿತು. ಗುಳ್ಳೆ ಒಣಗಿದ ಮೇಲೂ ಹಣೆಯ ನೋವು ಏಳು ತಿಂಗಳು ಕಾಡಿತು. ಸರ್ಪಸುತ್ತು ಬಿಟ್ಟುಹೋಗುವ ಈ ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ನಾಟುವುದಿಲ್ಲ. ನರಕ್ಕೆಂದೇ ಇರುವ ಮಾತ್ರೆಯನ್ನು ಸಣ್ಣ ಡೋಸ್‌ನಲ್ಲಿ ಶುರುಮಾಡಿ ನಿಧಾನ ಏರಿಸಬೇಕು. ಐವತ್ತು ದಾಟಿದವರಿಗೆ ಈಗ ಸರ್ಪಸುತ್ತನ್ನೇ ತಡೆಯುವ ಲಸಿಕೆಯೂ ಇದೆ. ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬಹುದು.

ಈಗ ನಾನು ನಿವೃತ್ತ. ಹೊಸನಗರದಲ್ಲಿ ಬೆಳಗಿನ ಹೊತ್ತು ಒಂದು ಸಣ್ಣ ಕ್ಲಿನಿಕ್ ನಡೆಸುತ್ತೇನೆ. ಇಂದಿಗೂ ಜನ ಅಂಗಿ ಎತ್ತಿದರೆ ಕೆಮ್ಮಣ್ಣು ಕಾಣುತ್ತದೆ, ಇಂದಿಗೂ ನನಗೆ ಸಿಟ್ಟು ಗಂಟಲವರೆಗೆ ಬರುತ್ತದೆ. ಅದನ್ನು ನುಂಗಿಕೊಂಡು, "ಬಂದದ್ದು ಒಳ್ಳೇದಾಯ್ತು, ಯಾವತ್ತು ಶುರುವಾಯ್ತು?" ಎಂದು ಕೇಳುವುದನ್ನು ಕಲಿತಿದ್ದೇನೆ. ನಾನು ಬೈದೆನೆಂದು ಯಾವ ರೋಗಿಯೂ ಒಂದು ದಿನ ಮೊದಲು ಬಂದದ್ದನ್ನು ಕಾಣೆ. ಬೈಯುತ್ತೇನೆಂದು ಹೆದರಿ ಬಾರದೆ ಉಳಿದವರು ಎಷ್ಟು ಮಂದಿಯೋ, ಅದು ನನಗೆ ಗೊತ್ತಾಗುವಂತೆಯೂ ಇಲ್ಲ.